ಪೋಸ್ಟ್‌ಗ್ರೆಸ್ ಸರ್ವರ್‌ಗೆ ನಾಲ್ಕೇ ಯಂತ್ರಗಳ ಪ್ರವೇಶ: ಕೆಲಸದ ದಾಖಲೆ

ಡೆಬಿಯನ್ 12, ಅದರ ಜೊತೆಗೇ ಬರುವ ಡೇಟಾಬೇಸ್ ತಂತ್ರಾಂಶ ಪೋಸ್ಟ್‌ಗ್ರೆಸ್ 15. ಸರ್ವರ್ ವಿಳಾಸ 192.168.10.5. ಅದೇ ನೆಟ್‌ವರ್ಕಿನಲ್ಲಿ ಎರಡು ಅಪ್ಲಿಕೇಶನ್ ಸರ್ವರ್ (ಕೊನೆಯ ಅಂಕಿ 21 ಮತ್ತು 22), ವರದಿ ತೆಗೆಯುವ ಯಂತ್ರ (30), ಬ್ಯಾಕಪ್ ಯಂತ್ರ (40). 100ರಿಂದ ಮೇಲಿನ ವಿಳಾಸಗಳನ್ನು ಡಿಎಚ್‌ಸಿಪಿ ಹಂಚುತ್ತದೆ: ಕಚೇರಿಯ ಕಂಪ್ಯೂಟರ್, ಲ್ಯಾಪ್‌ಟಾಪ್, ಪ್ರಿಂಟರ್, ಫೋನ್ ಎಲ್ಲವೂ ಅಲ್ಲಿವೆ. ಡೇಟಾಬೇಸ್ ಜೊತೆ ಮಾತಾಡಬೇಕಾದದ್ದು ಮೊದಲ ನಾಲ್ಕು ಮಾತ್ರ. ಆದರೆ ಲಿಸನ್_ಅಡ್ರೆಸಸ್ ಎದುರು ನಕ್ಷತ್ರ ಚಿಹ್ನೆ (ಸರ್ವರ್‌ನ ಎಲ್ಲ ವಿಳಾಸಗಳ ಮೇಲೂ ಕಿವಿಗೊಡು ಎಂದು) ಇತ್ತು, ಯಾರು ಎಲ್ಲಿಂದ ಬರಬಹುದು ಎಂದು ಹೇಳುವ ಪಿಜಿ_ಎಚ್‌ಬಿಎ ಫೈಲಿನ ಕೊನೆಯಲ್ಲಿ ಈ ಸಾಲಿತ್ತು:

ಹೋಸ್ಟ್ ಆಲ್ ಆಲ್ 0.0.0.0/0 ಎಂಡಿ5

ಯಾವ ಯಂತ್ರದಿಂದಾದರೂ, ಯಾವ ಡೇಟಾಬೇಸ್‌ಗಾದರೂ, ಪಾಸ್‌ವರ್ಡ್ ಒಂದು ಸಿಕ್ಕರೆ ಸಾಕು ಎಂದು ಇದರ ಅರ್ಥ. ಇಂಥ ಸಾಲು ಸಾಮಾನ್ಯವಾಗಿ ಸರ್ವರ್ ಕೂರಿಸಿದ ದಿನ, "ಸದ್ಯಕ್ಕೆ ಕನೆಕ್ಟ್ ಆಗಲಿ" ಎಂದು ಸೇರಿಕೊಳ್ಳುತ್ತದೆ. ಆಮೇಲೆ ಅದನ್ನು ತೆಗೆಯಲು ಯಾರಿಗೂ ಧೈರ್ಯ ಬರುವುದಿಲ್ಲ, ಏಕೆಂದರೆ ಅದನ್ನು ನಂಬಿಕೊಂಡು ಎಷ್ಟು ಪ್ರೋಗ್ರಾಂ ಓಡುತ್ತಿವೆ ಎಂಬ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ. ಹಾಗಾಗಿ ಕೆಲಸ ಅಲ್ಲಿಂದಲೇ ಶುರುವಾಗಬೇಕು.

ಆಜ್ಞೆ ಮತ್ತು ಸೆಟ್ಟಿಂಗ್‌ಗಳ ಹೆಸರನ್ನು ಇಲ್ಲಿ ಕನ್ನಡದಲ್ಲೇ ಬರೆದಿದೆ. ಟೈಪ್ ಮಾಡುವಾಗ, ಬೇರೆ ಹೇಳದ ಕಡೆಯೆಲ್ಲ, ಇಂಗ್ಲಿಷ್ ಸಣ್ಣಕ್ಷರ, ಅಡಿಗೆರೆ ಇದ್ದಲ್ಲಿ ಅಡಿಗೆರೆ.

ಯಾರು ಬರುತ್ತಿದ್ದಾರೆ?

ಲಾಗ್_ಕನೆಕ್ಷನ್ಸ್ ಅನ್ನು ಆನ್ ಮಾಡಿ ರೀಲೋಡ್ ಕೊಡಿ (ಸರ್ವರ್ ನಿಲ್ಲಿಸದೆ ಸೆಟ್ಟಿಂಗ್‌ಗಳನ್ನು ಮತ್ತೆ ಓದಿಸುವುದು). ರೀಸ್ಟಾರ್ಟ್ ಬೇಡ, ಅಲ್ಲಿಂದ ಮುಂದೆ ಬರುವ ಪ್ರತಿ ಹೊಸ ಸಂಪರ್ಕ ಲಾಗ್‌ನಲ್ಲಿ ದಾಖಲಾಗುತ್ತದೆ. "ಕನೆಕ್ಷನ್ ರಿಸೀವ್ಡ್: ಹೋಸ್ಟ್=192.168.10.21 ಪೋರ್ಟ್=..." ಎಂಬ ಸಾಲಿನಲ್ಲಿ ಬಂದ ಯಂತ್ರದ ವಿಳಾಸ, ಅದರ ಹಿಂದೆಯೇ "ಕನೆಕ್ಷನ್ ಆಥರೈಸ್ಡ್" ಸಾಲಿನಲ್ಲಿ ಯೂಸರ್ ಮತ್ತು ಡೇಟಾಬೇಸ್ ಹೆಸರು ಸಿಗುತ್ತವೆ. ಡೆಬಿಯನ್‌ನಲ್ಲಿ ಈ ಲಾಗ್ ವಾರ್ ಒಳಗಿನ ಲಾಗ್ ಡೈರೆಕ್ಟರಿಯಲ್ಲಿ, ಪೋಸ್ಟ್‌ಗ್ರೆಸ್ಕ್ಯೂಎಲ್ ಫೋಲ್ಡರ್‌ನಲ್ಲಿರುತ್ತದೆ. ಗ್ರೆಪ್‌ನಿಂದ "ಹೋಸ್ಟ್=" ನಂತರದ ಭಾಗವನ್ನಷ್ಟೇ ತೆಗೆದು ಸಾರ್ಟ್‌ಗೆ, ಅಲ್ಲಿಂದ ಯೂನಿಕ್‌ನ ಸಿ ಫ್ಲಾಗ್‌ಗೆ ಕೊಟ್ಟರೆ ಯಾವ ವಿಳಾಸ ಎಷ್ಟು ಸಲ ಬಂದಿದೆ ಎಂಬ ಪಟ್ಟಿ ಸಿದ್ಧ. ಗ್ರೆಪ್ ನಮೂನೆಯಲ್ಲಿ ಅಂಕಿ ಮತ್ತು ಚುಕ್ಕಿ ಮಾತ್ರ ಹುಡುಕಬೇಡಿ. ಹಾಗೆ ಮಾಡಿದರೆ ಐಪಿವಿ6 ವಿಳಾಸಗಳು ಪಟ್ಟಿಯಿಂದ ಸದ್ದಿಲ್ಲದೆ ಜಾರಿಹೋಗುತ್ತವೆ. ಖಾಲಿ ಜಾಗ ಸಿಗುವವರೆಗೆ ಎಲ್ಲವನ್ನೂ ತೆಗೆದುಕೊಳ್ಳಿ.

ಈಗಾಗಲೇ ಒಳಗಿರುವವರು ಹೊಸದಾಗಿ ಲಾಗ್‌ಗೆ ಬರುವುದಿಲ್ಲ. ಅಪ್ಲಿಕೇಶನ್‌ನ ಕನೆಕ್ಷನ್ ಪೂಲ್ ದಿನಗಟ್ಟಲೆ ಒಂದೇ ಸಂಪರ್ಕವನ್ನು ಹಿಡಿದಿಟ್ಟುಕೊಂಡಿರಬಹುದು. ಅವರನ್ನು ನೋಡಲು:

ಸೆಲೆಕ್ಟ್ ಕ್ಲೈಂಟ್_ಆ್ಯಡ್ರ್, ಯೂಸ್‌ನೇಮ್, ಡ್ಯಾಟ್‌ನೇಮ್, ಅಪ್ಲಿಕೇಶನ್_ನೇಮ್, ಕೌಂಟ್(*) ಫ್ರಮ್ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ಗ್ರೂಪ್ ಬೈ 1, 2, 3, 4;

ಕ್ಲೈಂಟ್_ಆ್ಯಡ್ರ್ ಖಾಲಿ ಇದ್ದರೆ ಅದು ಯೂನಿಕ್ಸ್ ಸಾಕೆಟ್ ಮೂಲಕ ಅದೇ ಯಂತ್ರದಿಂದ ಬಂದದ್ದು, ಇಲ್ಲವೇ ಪೋಸ್ಟ್‌ಗ್ರೆಸ್‌ನ ಸ್ವಂತ ಪ್ರಕ್ರಿಯೆ.

ಈ ಗಮನಿಸುವ ಅವಧಿಯಲ್ಲಿ ತಿಂಗಳ ಕೊನೆಯೊಂದು ಸೇರಿರಲೇಬೇಕು. ಸಂಬಳದ ವರದಿ, ಜಿಎಸ್‌ಟಿ ಲೆಕ್ಕ, ಸ್ಟಾಕ್ ತಾಳೆ ಇಂಥವು ತಿಂಗಳಿಗೊಮ್ಮೆ ಮಾತ್ರ ಸಂಪರ್ಕಕ್ಕೆ ಬರುತ್ತವೆ. ಒಂದು ವಾರ ನೋಡಿ ಬಾಗಿಲು ಹಾಕಿದರೆ 30ನೇ ತಾರೀಖು ಫೋನ್ ಬರುವುದು ಖಚಿತ.

ಪಟ್ಟಿಯಲ್ಲಿ ಬಂದ ವಿಳಾಸ ನಿಜಕ್ಕೂ ಯಾವ ಯಂತ್ರದ್ದು ಎಂದೂ ನೋಡಿಕೊಳ್ಳಿ. ನಡುವೆ ನ್ಯಾಟ್ ಮಾಡುವ ರೂಟರ್ ಇದ್ದರೆ ಅದರ ಹಿಂದಿನ ಹತ್ತು ಯಂತ್ರಗಳೂ ರೂಟರ್‌ನ ಒಂದೇ ವಿಳಾಸದಲ್ಲಿ ಕಾಣುತ್ತವೆ, ಆ ವಿಳಾಸಕ್ಕೆ ಅನುಮತಿ ಕೊಟ್ಟರೆ ಹತ್ತಕ್ಕೂ ಕೊಟ್ಟಂತೆ. ನಡುವೆ ನಿಂತು ಸಂಪರ್ಕಗಳನ್ನು ಹಂಚುವ ಪಿಜಿಬೌನ್ಸರ್ ಪ್ರೋಗ್ರಾಂ ಇದ್ದರೂ ಇದೇ ಕಥೆ: ಡೇಟಾಬೇಸ್‌ಗೆ ಬೌನ್ಸರ್‌ನ ವಿಳಾಸವಷ್ಟೇ ತಿಳಿಯುತ್ತದೆ. ಆಗ ಯಂತ್ರಗಳ ಆಯ್ಕೆ ಬೌನ್ಸರ್‌ನಲ್ಲೇ ನಡೆಯಬೇಕು. ಅದರ ಆಥ್_ಟೈಪ್‌ಗೆ ಎಚ್‌ಬಿಎ ಎಂದು ಕೊಟ್ಟು, ಆಥ್_ಎಚ್‌ಬಿಎ_ಫೈಲ್‌ನಲ್ಲಿ ಬೇರೆಯೇ ಪಟ್ಟಿ ಬರೆಯಬಹುದು.

ಅನುಮತಿ ಪಡೆಯುವ ನಾಲ್ಕು ಯಂತ್ರಗಳ ವಿಳಾಸ ಬದಲಾಗದಂತೆ ಸ್ಥಿರ ಐಪಿ ಕೊಡಿ, ಇಲ್ಲವೇ ಡಿಎಚ್‌ಸಿಪಿಯಲ್ಲಿ ಮ್ಯಾಕ್ ವಿಳಾಸಕ್ಕೆ ಕಾಯ್ದಿರಿಸಿ.

ಲಿಸನ್_ಅಡ್ರೆಸಸ್ ಎಂದರೆ ಏನಲ್ಲ

ಅನುಮತಿಸಬೇಕಾದ ಕ್ಲೈಂಟ್‌ಗಳ ಐಪಿಗಳನ್ನು ಇಲ್ಲಿ ಬರೆಯುವವರು ಬಹಳ ಜನ. ಇದು ಸರ್ವರ್‌ನ ಸ್ವಂತ ವಿಳಾಸಗಳಲ್ಲಿ ಯಾವುದರ ಮೇಲೆ ಕಿವಿಗೊಟ್ಟು ಕೂರಬೇಕು ಎಂದು ಹೇಳುವ ಸೆಟ್ಟಿಂಗ್. ಕ್ಲೈಂಟ್ ಐಪಿ ಬರೆದರೆ ಆ ವಿಳಾಸ ಈ ಯಂತ್ರದಲ್ಲಿ ಇಲ್ಲದ ಕಾರಣ ಬೈಂಡ್ ಆಗುವುದಿಲ್ಲ. ನಕ್ಷತ್ರ ತೆಗೆದು ಇಷ್ಟು ಬರೆದೆವು:

ಲಿಸನ್_ಅಡ್ರೆಸಸ್ = 'ಲೋಕಲ್‌ಹೋಸ್ಟ್,192.168.10.5'

ಇದಕ್ಕೆ ರೀಲೋಡ್ ಸಾಲದು, ರೀಸ್ಟಾರ್ಟ್ ಬೇಕು. ಆಮೇಲೆ ಎಸ್‌ಎಸ್ ಆಜ್ಞೆಗೆ ಎಲ್, ಟಿ, ಎನ್, ಪಿ ಫ್ಲಾಗ್‌ಗಳನ್ನು ಕೊಟ್ಟು, 5432 ಯಾವ್ಯಾವ ವಿಳಾಸದ ಮೇಲೆ ತೆರೆದಿದೆ ಎಂದು ಕಣ್ಣಾರೆ ನೋಡಿ.

ನಕ್ಷತ್ರದ ಜಾಗದಲ್ಲಿ ನಿರ್ದಿಷ್ಟ ವಿಳಾಸ ಬರೆದಾಗ ಒಂದು ತೊಂದರೆ ತಡವಾಗಿ ಹೊರಬೀಳುತ್ತದೆ. ಯಂತ್ರ ರೀಬೂಟ್ ಆಗುವಾಗ ನೆಟ್‌ವರ್ಕ್ ಕಾರ್ಡ್‌ಗೆ 192.168.10.5 ಸಿಗುವ ಮೊದಲೇ ಪೋಸ್ಟ್‌ಗ್ರೆಸ್ ಎದ್ದರೆ ಆ ವಿಳಾಸಕ್ಕೆ ಬೈಂಡ್ ಆಗದು. ಆದರೆ ಲೋಕಲ್‌ಹೋಸ್ಟ್‌ಗೆ ಆಗುತ್ತದಲ್ಲ, ಒಂದಾದರೂ ಸಿಕ್ಕಿದ್ದರಿಂದ ಸರ್ವರ್ ನಿಲ್ಲದೆ ಮುಂದುವರಿಯುತ್ತದೆ, ಲಾಗ್‌ನಲ್ಲಿ ಎಚ್ಚರಿಕೆಯ ಸಾಲೊಂದನ್ನು ಬರೆದು ಸುಮ್ಮನಾಗುತ್ತದೆ. ಸರ್ವರ್ ಮೇಲೆ ಕೂತು ನೋಡಿದರೆ ಎಲ್ಲ ಸರಿ, ಅಪ್ಲಿಕೇಶನ್‌ಗಳಿಗೆ ಮಾತ್ರ "ಕನೆಕ್ಷನ್ ರೆಫ್ಯೂಸ್ಡ್". ಪರಿಹಾರ: ಸಿಸ್ಟಂಸಿಟಿಎಲ್ ಎಡಿಟ್‌ನಿಂದ ಪೋಸ್ಟ್‌ಗ್ರೆಸ್ಕ್ಯೂಎಲ್@15-ಮೇನ್ ಯೂನಿಟ್ ತೆರೆದು, ಯೂನಿಟ್ ವಿಭಾಗದಲ್ಲಿ ವಾಂಟ್ಸ್ ಮತ್ತು ಆಫ್ಟರ್ ಎರಡಕ್ಕೂ ನೆಟ್‌ವರ್ಕ್-ಆನ್‌ಲೈನ್.ಟಾರ್ಗೆಟ್ ಸೇರಿಸುವುದು (ಯೂನಿಟ್, ವಾಂಟ್ಸ್, ಆಫ್ಟರ್ ಮೂರಕ್ಕೂ ಮೊದಲಕ್ಷರ ದೊಡ್ಡದು). ಸೇರಿಸಿದ ಮೇಲೆ ಒಮ್ಮೆ ನಿಜವಾಗಿ ರೀಬೂಟ್ ಮಾಡಿ ನೋಡಿ.

ಎಚ್‌ಬಿಎ ಫೈಲ್

ಕೆಲಸದ ತಿರುಳು ಇಲ್ಲಿದೆ. ಫೈಲ್ ಎಲ್ಲಿದೆ ಎಂದು "ಶೋ ಎಚ್‌ಬಿಎ_ಫೈಲ್" ಹೇಳುತ್ತದೆ. ಹಳೆಯದರ ಒಂದು ಪ್ರತಿ ತೆಗೆದಿಟ್ಟು, ಸರ್ವರ್‌ಗೆ ಒಂದು ಎಸ್‌ಎಸ್‌ಎಚ್ ಕಿಟಕಿಯನ್ನು ಮುಚ್ಚದೆ ಹಾಗೇ ಇಟ್ಟುಕೊಂಡು, ಹೀಗೆ ಬರೆದೆವು:

ಲೋಕಲ್ ಆಲ್ ಪೋಸ್ಟ್‌ಗ್ರೆಸ್ ಪೀರ್
ಹೋಸ್ಟ್ ಆಲ್ ಪೋಸ್ಟ್‌ಗ್ರೆಸ್ ಆಲ್ ರಿಜೆಕ್ಟ್
ಹೋಸ್ಟ್‌ಎಸ್‌ಎಸ್‌ಎಲ್ ಬಿಲ್ಲಿಂಗ್ ಬಿಲ್ಲಿಂಗ್_ಆ್ಯಪ್ 192.168.10.21/32 ಸ್ಕ್ರ್ಯಾಮ್-ಶಾ-256
ಹೋಸ್ಟ್‌ಎಸ್‌ಎಸ್‌ಎಲ್ ಬಿಲ್ಲಿಂಗ್ ಬಿಲ್ಲಿಂಗ್_ಆ್ಯಪ್ 192.168.10.22/32 ಸ್ಕ್ರ್ಯಾಮ್-ಶಾ-256
ಹೋಸ್ಟ್‌ಎಸ್‌ಎಸ್‌ಎಲ್ ಬಿಲ್ಲಿಂಗ್ ವರದಿ 192.168.10.30/32 ಸ್ಕ್ರ್ಯಾಮ್-ಶಾ-256
ಹೋಸ್ಟ್‌ಎಸ್‌ಎಸ್‌ಎಲ್ ರೆಪ್ಲಿಕೇಶನ್ ಬ್ಯಾಕಪ್ 192.168.10.40/32 ಸ್ಕ್ರ್ಯಾಮ್-ಶಾ-256
ಹೋಸ್ಟ್ ಬಿಲ್ಲಿಂಗ್ ಆಲ್ 127.0.0.1/32 ಸ್ಕ್ರ್ಯಾಮ್-ಶಾ-256

ಮೊದಲ ಸಾಲು ನಮ್ಮ ತುರ್ತು ಬಾಗಿಲು. ಉಳಿದದ್ದೆಲ್ಲ ಕೆಟ್ಟರೂ ಸರ್ವರ್ ಮೇಲೆ ಪೋಸ್ಟ್‌ಗ್ರೆಸ್ ಯೂಸರ್ ಆಗಿ ಒಳಗೆ ಹೋಗಬಹುದು. ಎರಡನೆಯದು, ಸೂಪರ್‌ಯೂಸರ್ ನೆಟ್‌ವರ್ಕ್ ಮೂಲಕ ಎಲ್ಲಿಂದಲೂ ಬರಬಾರದು ಎಂದು. ವಿಳಾಸದ ಜಾಗದಲ್ಲಿ ಆಲ್ ಬರೆದರೆ ಐಪಿವಿ4, ಐಪಿವಿ6 ಎರಡಕ್ಕೂ ಅನ್ವಯ. 0.0.0.0/0 ಐಪಿವಿ4ಗೆ ಮಾತ್ರ.

ಪೋಸ್ಟ್‌ಗ್ರೆಸ್ ಈ ಫೈಲನ್ನು ಮೇಲಿನಿಂದ ಕೆಳಗೆ ಓದಿ, ಹೊಂದುವ ಮೊದಲ ಸಾಲಿಗೇ ನಿಲ್ಲುತ್ತದೆ. ಆ ಸಾಲಿನಲ್ಲಿ ಪಾಸ್‌ವರ್ಡ್ ತಪ್ಪಾದರೆ ಮುಂದಿನ ಸಾಲಿಗೆ ಹೋಗುವುದಿಲ್ಲ. ಹಾಗಾಗಿ ಮೇಲೆ ಇಡೀ 192.168.10.0/24 ಬಿಟ್ಟು ಕೆಳಗೆ ಒಂದು ಯಂತ್ರಕ್ಕೆ ರಿಜೆಕ್ಟ್ ಬರೆದರೆ ಆ ರಿಜೆಕ್ಟ್ ಸಾಲನ್ನು ಅದು ಮುಟ್ಟುವುದೇ ಇಲ್ಲ. ಯಾವ ಸಾಲೂ ಹೊಂದದಿದ್ದರೆ ಪ್ರವೇಶವಿಲ್ಲ, ಆದ್ದರಿಂದ ಕೊನೆಯಲ್ಲಿ "ಉಳಿದವರಿಗೆಲ್ಲ ಇಲ್ಲ" ಎಂದು ಬರೆಯುವ ಅಗತ್ಯವಿಲ್ಲ.

ಡೇಟಾಬೇಸ್ ಜಾಗದಲ್ಲಿ ಆಲ್ ಬರೆದರೂ ಅದರಲ್ಲಿ ರೆಪ್ಲಿಕೇಶನ್ ಸೇರುವುದಿಲ್ಲ. ಪಿಜಿ_ಬೇಸ್‌ಬ್ಯಾಕಪ್ ಬಳಸುವ ಯಂತ್ರಕ್ಕೆ ರೆಪ್ಲಿಕೇಶನ್ ಎಂಬ ಪದವನ್ನೇ ಬರೆಯಬೇಕು, ರೋಲ್‌ಗೂ (ಡೇಟಾಬೇಸ್ ಯೂಸರ್‌ಗೂ) ರೆಪ್ಲಿಕೇಶನ್ ಹಕ್ಕು ಇರಬೇಕು. ಪಿಜಿ_ಡಂಪ್ ಮಾತ್ರ ಬಳಸುವುದಾದರೆ ಅದು ಸಾಮಾನ್ಯ ಸಂಪರ್ಕ, ಡೇಟಾಬೇಸ್ ಹೆಸರೇ ಸಾಕು.

ಈಗ /32 ಕಡೆ ಗಮನ ಕೊಡಿ: ವಿಳಾಸದ 32 ಬಿಟ್‌ಗಳೂ ಹೊಂದಬೇಕು, ಅಂದರೆ ಒಂದೇ ಯಂತ್ರ. 192.168.10.21/24 ಎಂದು ಬರೆದರೆ ನೋಡುವವರಿಗೆ ಒಂದೇ ಯಂತ್ರದಂತೆ ಕಾಣುತ್ತದೆ. ಪೋಸ್ಟ್‌ಗ್ರೆಸ್ ಯಾವ ದೋಷವನ್ನೂ ತೋರಿಸದೆ ಒಪ್ಪಿಕೊಳ್ಳುತ್ತದೆ, ಮೊದಲ 24 ಬಿಟ್ ಮಾತ್ರ ಹೋಲಿಸುತ್ತದೆ, 256 ವಿಳಾಸಗಳಿಗೂ ಬಾಗಿಲು ತೆರೆಯುತ್ತದೆ. ಸರ್ವರ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಿಂದ ವಿಳಾಸ ಕಾಪಿ ಮಾಡಿದಾಗ ಈ /24 ಜೊತೆಗೇ ಬಂದುಬಿಡುತ್ತದೆ. ಎಲ್ಲ ಪರೀಕ್ಷೆಯಲ್ಲೂ 21 ಸರಿಯಾಗಿ ಒಳಗೆ ಹೋಗುವುದರಿಂದ ಇದು ವರ್ಷಗಟ್ಟಲೆ ಹಾಗೇ ಉಳಿಯಬಲ್ಲದು. ಸ್ಲ್ಯಾಶ್ ಮತ್ತು ಅಂಕಿ ಎರಡನ್ನೂ ಬಿಟ್ಟರೆ ಅಷ್ಟು ಅಪಾಯವಿಲ್ಲ: ಪೋಸ್ಟ್‌ಗ್ರೆಸ್ ಮುಂದಿನ ಪದವನ್ನೇ ನೆಟ್‌ಮಾಸ್ಕ್ ಎಂದು ಓದಲು ಹೋಗಿ, "ಇನ್‌ವ್ಯಾಲಿಡ್ ಐಪಿ ಮಾಸ್ಕ್ ಸ್ಕ್ರ್ಯಾಮ್-ಶಾ-256" ಎಂದು ದೂರುತ್ತದೆ.

ಇವೆರಡನ್ನೂ ಹಿಡಿಯಲು ಪಿಜಿ_ಎಚ್‌ಬಿಎ_ಫೈಲ್_ರೂಲ್ಸ್ ಎಂಬ ವ್ಯೂ ಇದೆ, ಆವೃತ್ತಿ 10ರಿಂದ ಇದೆ. ಅದು ತೋರಿಸುವುದು ಡಿಸ್ಕ್ ಮೇಲೆ ಈಗಿರುವ ಫೈಲನ್ನು, ಸದ್ಯ ಜಾರಿಯಲ್ಲಿರುವ ನಿಯಮಗಳನ್ನಲ್ಲ. ಅಂದರೆ ರೀಲೋಡ್‌ಗೆ ಮೊದಲೇ ತಪಾಸಣೆ ಮಾಡಬಹುದು. ಎರರ್ ಕಾಲಂ ಎಲ್ಲ ಸಾಲಿನಲ್ಲೂ ಖಾಲಿ ಇರಬೇಕು. ನೆಟ್‌ಮಾಸ್ಕ್ ಕಾಲಂನಲ್ಲಿ 255.255.255.255 ಬಿಟ್ಟು ಬೇರೇನಾದರೂ ಕಂಡರೆ, ಅದನ್ನು ಬೇಕೆಂದೇ ಬರೆದದ್ದೇ ಎಂದು ಕೇಳಿಕೊಳ್ಳಿ.

ವಿಳಾಸದ ಬದಲು ಯಂತ್ರದ ಹೆಸರನ್ನೂ ಬರೆಯಲು ಅವಕಾಶವಿದೆ. ನಾವು ಬರೆಯಲಿಲ್ಲ. ಪ್ರತಿ ಸಂಪರ್ಕಕ್ಕೂ ಪೋಸ್ಟ್‌ಗ್ರೆಸ್ ಮೊದಲು ವಿಳಾಸದಿಂದ ಹೆಸರನ್ನು, ಆಮೇಲೆ ಆ ಹೆಸರಿನಿಂದ ವಿಳಾಸವನ್ನು ಡಿಎನ್‌ಎಸ್‌ನಲ್ಲಿ ಕೇಳುತ್ತದೆ. ಡಿಎನ್‌ಎಸ್ ನಿಧಾನವಾದ ದಿನ ಲಾಗಿನ್ ಕೂಡ ನಿಧಾನ. ನಾಲ್ಕು ಯಂತ್ರಗಳಿಗೆ ಅದು ಬೇಡ.

ಎಂಡಿ5ಯಿಂದ ಸ್ಕ್ರ್ಯಾಮ್‌ಗೆ

ವಿಳಾಸ ಬಿಗಿ ಮಾಡುವಾಗಲೇ, ಪಾಸ್‌ವರ್ಡ್ ಪರೀಕ್ಷಿಸುವ ವಿಧಾನವನ್ನು ಹಳೆಯ ಎಂಡಿ5ಯಿಂದ ಸ್ಕ್ರ್ಯಾಮ್‌ಗೆ ತರುವ ಈ ಬದಲಾವಣೆಯನ್ನೂ ಮಾಡಿದರೆ ಒಳ್ಳೆಯದು, ಆದರೆ ಎರಡನ್ನೂ ಒಂದೇ ರೀಲೋಡ್‌ನಲ್ಲಿ ಮಾಡಬೇಡಿ: ಮೇಲಿನ ಸಾಲುಗಳು ಕೊನೆಯ ರೂಪ, ಮೊದಲ ರೀಲೋಡ್‌ಗೆ ಅವುಗಳಲ್ಲಿ ಎಂಡಿ5 ಎಂದೇ ಇರಲಿ. ಸಂಪರ್ಕ ತಪ್ಪಿದಾಗ ಕಾರಣ ವಿಳಾಸವೋ ಪಾಸ್‌ವರ್ಡೋ ಎಂದು ಹುಡುಕುವುದೇ ಕೆಲಸವಾಗುತ್ತದೆ. ಹಳೆಯ ಆವೃತ್ತಿಯಿಂದ ಏರಿಸಿಕೊಂಡು ಬಂದ ಸರ್ವರ್‌ಗಳಲ್ಲಿ ಪಾಸ್‌ವರ್ಡ್‌ಗಳು ಎಂಡಿ5 ಹ್ಯಾಶ್ ಆಗಿಯೇ ಕೂತಿರುತ್ತವೆ. ಎಚ್‌ಬಿಎಯಲ್ಲಿ ಸ್ಕ್ರ್ಯಾಮ್ ಎಂದು ಬರೆದ ತಕ್ಷಣ ಅವು ಯಾವುವೂ ನಡೆಯುವುದಿಲ್ಲ. ಕ್ಲೈಂಟ್‌ಗೆ "ಪಾಸ್‌ವರ್ಡ್ ಆಥೆಂಟಿಕೇಶನ್ ಫೇಲ್ಡ್" ಎಂದಷ್ಟೇ ಕಾಣುತ್ತದೆ, ನಿಜವಾದ ಕಾರಣ ಸರ್ವರ್ ಲಾಗ್‌ನಲ್ಲಿರುತ್ತದೆ. ಪಿಜಿ_ಆಥ್‌ಐಡಿಯಲ್ಲಿ ರೋಲ್‌ಪಾಸ್‌ವರ್ಡ್‌ನ ಮೊದಲ ಅಕ್ಷರಗಳನ್ನು ನೋಡಿ ಎಂಡಿ5 ಎಂದು ಶುರುವಾಗುವ ರೋಲ್‌ಗಳನ್ನು ಪಟ್ಟಿ ಮಾಡಿ. ಪಾಸ್‌ವರ್ಡ್_ಎನ್‌ಕ್ರಿಪ್ಶನ್ ಸ್ಕ್ರ್ಯಾಮ್-ಶಾ-256 ಇದೆಯೇ ನೋಡಿಕೊಂಡು, ಪಿಎಸ್‌ಕ್ಯೂಎಲ್‌ನ (ಪೋಸ್ಟ್‌ಗ್ರೆಸ್‌ಗೆ ಆಜ್ಞೆ ಕೊಡುವ ಪ್ರೋಗ್ರಾಂ) ಬ್ಯಾಕ್‌ಸ್ಲ್ಯಾಶ್-ಪಾಸ್‌ವರ್ಡ್ ಆಜ್ಞೆಯಿಂದ ಹೊಸದಾಗಿ ಕೊಡಿ. ಆಲ್ಟರ್ ರೋಲ್‌ನಲ್ಲಿ ಪಾಸ್‌ವರ್ಡ್ ಬರೆದರೆ ಅದು ಇದ್ದ ಹಾಗೆಯೇ ಹಿಸ್ಟರಿಗೂ ಲಾಗ್‌ಗೂ ಹೋಗಬಹುದು.

ಎಚ್‌ಬಿಎಯಲ್ಲಿ ಎಂಡಿ5 ಎಂದಿರುವಾಗಲೇ ಪಾಸ್‌ವರ್ಡ್‌ಗಳನ್ನು ಸ್ಕ್ರ್ಯಾಮ್‌ಗೆ ಬದಲಾಯಿಸಬಹುದು, ಪೋಸ್ಟ್‌ಗ್ರೆಸ್ ತಾನೇ ಸ್ಕ್ರ್ಯಾಮ್ ವಿಧಾನ ಬಳಸುತ್ತದೆ. ಎಲ್ಲ ಮುಗಿದ ಮೇಲೆ ಸಾಲುಗಳಲ್ಲಿ ವಿಧಾನದ ಹೆಸರು ಬದಲಿಸಿ. ಕ್ಲೈಂಟ್ ಕಡೆ ಪೋಸ್ಟ್‌ಗ್ರೆಸ್‌ನ ಲೈಬ್ರರಿ ಲಿಬ್‌ಪಿಕ್ಯೂ 10 ಅಥವಾ ಮೇಲಿನದು, ಜಾವಾ ಆದರೆ ಜೆಡಿಬಿಸಿ ಡ್ರೈವರ್ 42.2.0 ಅಥವಾ ಮೇಲಿನದು ಬೇಕು. "ಆಥೆಂಟಿಕೇಶನ್ ಟೈಪ್ 10 ಬೆಂಬಲವಿಲ್ಲ" ಎಂಬರ್ಥದ ದೋಷ ಬಂದರೆ ಡ್ರೈವರ್ ಹಳೆಯದು.

ರೀಲೋಡ್, ಮತ್ತು ಒಳಗೇ ಉಳಿದವರು

"ಸೆಲೆಕ್ಟ್ ಪಿಜಿ_ರೀಲೋಡ್_ಕಾನ್ಫ್()" ಟಿ ಎಂದು ಉತ್ತರಿಸುತ್ತದೆ. ಇದು ಸಂಕೇತ ತಲುಪಿತು ಎಂಬುದಕ್ಕೆ ಮಾತ್ರ ಖಾತರಿ. ಎಚ್‌ಬಿಎ ಫೈಲಿನಲ್ಲಿ ಒಂದು ದೋಷವಿದ್ದರೂ ಪೋಸ್ಟ್‌ಗ್ರೆಸ್ ಇಡೀ ಹೊಸ ಫೈಲನ್ನು ಬಿಟ್ಟು ಹಳೆಯ ನಿಯಮಗಳಲ್ಲೇ ಮುಂದುವರಿಯುತ್ತದೆ, ಲಾಗ್‌ನಲ್ಲಿ "ನಾಟ್ ರೀಲೋಡೆಡ್" ಎಂದು ಬರೆಯುತ್ತದೆ. ಆಗ ಬಾಗಿಲು ತೆರೆದೇ ಇರುತ್ತದೆ. ಇನ್ನೂ ಕಷ್ಟದ ವಿಷಯವೆಂದರೆ ಅದೇ ಫೈಲ್ ಇಟ್ಟುಕೊಂಡು ಮುಂದೆಂದೋ ರೀಸ್ಟಾರ್ಟ್ ಮಾಡಿದಾಗ ಸರ್ವರ್ ಏಳುವುದೇ ಇಲ್ಲ. ರೀಲೋಡ್ ಆದ ಕೂಡಲೇ ಲಾಗ್‌ನ ಕೊನೆಯ ಸಾಲುಗಳನ್ನು ಓದಿ.

ಹೊಸ ನಿಯಮ ಹೊಸ ಸಂಪರ್ಕಕ್ಕೆ ಮಾತ್ರ. ಈಗಾಗಲೇ ಒಳಗಿರುವವರನ್ನು ಅದು ಹೊರಗೆ ಹಾಕುವುದಿಲ್ಲ:

ಸೆಲೆಕ್ಟ್ ಪಿಜಿ_ಟರ್ಮಿನೇಟ್_ಬ್ಯಾಕೆಂಡ್(ಪಿಐಡಿ) ಫ್ರಮ್ ಪಿಜಿ_ಸ್ಟ್ಯಾಟ್_ಆ್ಯಕ್ಟಿವಿಟಿ ವೇರ್ ಕ್ಲೈಂಟ್_ಆ್ಯಡ್ರ್ ನಾಟ್ ಇನ್ ('192.168.10.21', '192.168.10.22', '192.168.10.30', '192.168.10.40', '127.0.0.1');

ಕ್ಲೈಂಟ್_ಆ್ಯಡ್ರ್ ಖಾಲಿ ಇರುವ ಸಾಲುಗಳಿಗೆ ಈ ಷರತ್ತು ಹೊಂದುವುದಿಲ್ಲವಾದ್ದರಿಂದ ಸಾಕೆಟ್ ಸಂಪರ್ಕಗಳು ಸುರಕ್ಷಿತ. ಮೊದಲು ಟರ್ಮಿನೇಟ್ ತೆಗೆದು, ಪಿಐಡಿ ಮತ್ತು ವಿಳಾಸ ಮಾತ್ರ ಸೆಲೆಕ್ಟ್ ಮಾಡಿ, ಯಾರ ಕೆಲಸ ಅರ್ಧಕ್ಕೆ ನಿಲ್ಲುತ್ತದೆ ಎಂದು ನೋಡಿಕೊಳ್ಳಿ.

ಪೋರ್ಟ್ ಮಟ್ಟದಲ್ಲಿ ಇನ್ನೊಂದು ತಡೆ

ಎಚ್‌ಬಿಎ ಬಿಗಿಯಾಗಿದ್ದರೆ ಫೈರ್‌ವಾಲ್ ಯಾಕೆ ಎಂಬ ಪ್ರಶ್ನೆಗೆ ಗಟ್ಟಿ ಉತ್ತರವಿದೆ. ಎಚ್‌ಬಿಎ "ಇಲ್ಲ" ಎನ್ನುವ ಹೊತ್ತಿಗೆ ಬಂದವನು ಪೋಸ್ಟ್‌ಗ್ರೆಸ್ ಪ್ರಕ್ರಿಯೆಯ ಜೊತೆ ಮಾತು ಶುರು ಮಾಡಿ ಆಗಿರುತ್ತದೆ. 2013ರ ಏಪ್ರಿಲ್ 4ರಂದು ಸರಿಪಡಿಸಿದ ಸಿವಿಇ-2013-1899 ಎಂಬ ಭದ್ರತಾ ದೋಷ ಇದೇ ಜಾಗದಲ್ಲಿತ್ತು. 9.0, 9.1, 9.2 ಆವೃತ್ತಿಗಳಲ್ಲಿ, ಅಡ್ಡಗೆರೆಯಿಂದ ಶುರುವಾಗುವ ಡೇಟಾಬೇಸ್ ಹೆಸರು ಕೊಟ್ಟು ಸಂಪರ್ಕ ಕೇಳಿದರೆ ಸರ್ವರ್‌ನ ಡೇಟಾ ಡೈರೆಕ್ಟರಿಯ ಫೈಲ್‌ಗಳನ್ನು ಕೆಡಿಸಬಹುದಿತ್ತು. ಲಾಗಿನ್ ಬೇಕಿರಲಿಲ್ಲ, ಪೋರ್ಟ್ ಮುಟ್ಟಿದರೆ ಸಾಕಿತ್ತು. ಅಂದು ಉಳಿದದ್ದು ಪೋರ್ಟ್ ಮುಚ್ಚಿಟ್ಟವರು.

ಫೈರ್‌ವಾಲ್ ನಿಯಮ ಬರೆಯುವ ಯುಎಫ್‌ಡಬ್ಲ್ಯೂ ಡೆಬಿಯನ್‌ನಲ್ಲಿ ತಾನಾಗಿ ಬರುವುದಿಲ್ಲ, ಹಾಕಿಕೊಳ್ಳಬೇಕು. ಎನೇಬಲ್ ಮಾಡುವ ಮೊದಲು ಎಸ್‌ಎಸ್‌ಎಚ್‌ಗೆ ಅನುಮತಿ ಬರೆಯಿರಿ, ಇಲ್ಲದಿದ್ದರೆ ಮುಂದಿನ ಸಲ ಸರ್ವರ್ ಇರುವ ಕೋಣೆಗೇ ನಡೆದು ಹೋಗಬೇಕು. ಒಳಬರುವುದಕ್ಕೆ ಡೀಫಾಲ್ಟ್ ಡಿನೈ, ಆಮೇಲೆ ನಾಲ್ಕು ಯಂತ್ರಕ್ಕೆ ನಾಲ್ಕು ಸಾಲು:

ಯುಎಫ್‌ಡಬ್ಲ್ಯೂ ಅಲೌ ಪ್ರೋಟೊ ಟಿಸಿಪಿ ಫ್ರಮ್ 192.168.10.21 ಟು ಎನಿ ಪೋರ್ಟ್ 5432

ಹೀಗೆಯೇ 22, 30, 40. ಬರಿದೆ "ಅಲೌ 5432" ಎಂಬ ಹಳೆಯ ನಿಯಮ ಮೇಲೆಲ್ಲೋ ಉಳಿದಿದ್ದರೆ ಈ ನಾಲ್ಕೂ ವ್ಯರ್ಥ. ಸ್ಟೇಟಸ್ ನಂಬರ್ಡ್ ಕೊಟ್ಟು ನೋಡಿ, ಅದರ ವಿ6 ಜೋಡಿಯನ್ನೂ ಸೇರಿಸಿ ಅಳಿಸಿ.

ಪೋಸ್ಟ್‌ಗ್ರೆಸ್ ಡಾಕರ್ ಕಂಟೇನರ್‌ನಲ್ಲಿದ್ದು ಪೋರ್ಟ್ ಪಬ್ಲಿಶ್ ಮಾಡಿದ್ದರೆ ಮೇಲಿನದು ಕೆಲಸ ಮಾಡುವುದಿಲ್ಲ. ಡಾಕರ್ ತನ್ನದೇ ನ್ಯಾಟ್ ನಿಯಮಗಳನ್ನು ಹಾಕಿಕೊಳ್ಳುತ್ತದೆ, ಪ್ಯಾಕೆಟ್ ಯುಎಫ್‌ಡಬ್ಲ್ಯೂನ ಇನ್‌ಪುಟ್ ನಿಯಮಗಳ ಕಡೆ ಸುಳಿಯುವುದೇ ಇಲ್ಲ. ಸ್ಟೇಟಸ್‌ನಲ್ಲಿ ಡಿನೈ ಎಂದಿದ್ದರೂ ಪೋರ್ಟ್ ಊರಿಗೆಲ್ಲ ತೆರೆದಿರುತ್ತದೆ. ಅಂಥಲ್ಲಿ ನಿಯಮಗಳನ್ನು ಡಾಕರ್-ಯೂಸರ್ (ಎಲ್ಲ ದೊಡ್ಡಕ್ಷರ) ಚೈನ್‌ನಲ್ಲಿ ಬರೆಯಬೇಕು, ಅಥವಾ ಪೋರ್ಟನ್ನು 127.0.0.1ಗೆ ಮಾತ್ರ ಪಬ್ಲಿಶ್ ಮಾಡಬೇಕು.

ಪರೀಕ್ಷೆ

21ರಿಂದ ಸಂಪರ್ಕ ಸಿಕ್ಕಿತು ಎಂಬುದು ಏನನ್ನೂ ಸಾಬೀತು ಮಾಡುವುದಿಲ್ಲ, ಮೊದಲೂ ಸಿಗುತ್ತಿತ್ತು. ಡಿಎಚ್‌ಸಿಪಿ ವಿಳಾಸದ ಲ್ಯಾಪ್‌ಟಾಪ್ ಒಂದರಿಂದ, ಸರಿಯಾದ ಯೂಸರ್ ಮತ್ತು ಸರಿಯಾದ ಪಾಸ್‌ವರ್ಡ್ ಕೊಟ್ಟು ಪ್ರಯತ್ನಿಸಿ. ಅದು ನಿಲ್ಲಬೇಕು. ತಪ್ಪು ಪಾಸ್‌ವರ್ಡ್ ಕೊಟ್ಟರೆ ನಿಲ್ಲಿಸಿದ್ದು ವಿಳಾಸವೋ ಪಾಸ್‌ವರ್ಡೋ ತಿಳಿಯದು.

ಎರಡು ತಡೆಗಳನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು. ಆದ್ದರಿಂದಲೇ ಫೈರ್‌ವಾಲ್ ಕೊನೆಗೆ. ಅದಕ್ಕೆ ಮೊದಲು ಲ್ಯಾಪ್‌ಟಾಪ್‌ನಿಂದ ಪಿಎಸ್‌ಕ್ಯೂಎಲ್ ಓಡಿಸಿದಾಗ "ನೋ ಪಿಜಿ_ಎಚ್‌ಬಿಎ ಎಂಟ್ರಿ ಫಾರ್ ಹೋಸ್ಟ್" ಎಂದು ಬರಬೇಕು. ಪೋಸ್ಟ್‌ಗ್ರೆಸ್ ಯೂಸರ್ ಹೆಸರಲ್ಲಿ ಪ್ರಯತ್ನಿಸಿದರೆ ನಮ್ಮ ರಿಜೆಕ್ಟ್ ಸಾಲು ಹೊಂದಿ, "ರಿಜೆಕ್ಟ್ಸ್ ಕನೆಕ್ಷನ್" ಎಂದು ಬರುತ್ತದೆ. ಮಾತು ಬೇರೆಯಾಗಿರುವುದರಿಂದ ಯಾವ ಸಾಲು ತಡೆಯಿತು ಎಂದು ಗೊತ್ತಾಗುತ್ತದೆ. ಫೈರ್‌ವಾಲ್ ಹಾಕಿದ ಮೇಲೆ ಅದೇ ಲ್ಯಾಪ್‌ಟಾಪ್‌ನಲ್ಲಿ ಯಾವ ಉತ್ತರವೂ ಬರದೆ ಟೈಮ್‌ಔಟ್ ಆಗಬೇಕು. ಪಿಜಿಕನೆಕ್ಟ್_ಟೈಮ್‌ಔಟ್ ಪರಿಸರ ಚರಕ್ಕೆ (ಅಡಿಗೆರೆ ಒಂದೇ, ಕನೆಕ್ಟ್ ನಂತರ, ಎಲ್ಲ ದೊಡ್ಡಕ್ಷರ) 5 ಕೊಟ್ಟರೆ ಐದು ಸೆಕೆಂಡಿಗೆ ಮುಗಿಯುತ್ತದೆ.

ಪಿಜಿ_ಈಸ್‌ರೆಡಿ ಬಳಸಿ ಎಚ್‌ಬಿಎ ಪರೀಕ್ಷಿಸಬೇಡಿ. ಎಚ್‌ಬಿಎ ತಡೆದರೂ ಅದು "ಆ್ಯಕ್ಸೆಪ್ಟಿಂಗ್ ಕನೆಕ್ಷನ್ಸ್" ಎಂದೇ ಹೇಳುತ್ತದೆ, ಸರ್ವರ್ ಬದುಕಿದೆಯೇ ಎಂಬುದಷ್ಟೇ ಅದಕ್ಕೆ ಬೇಕು. ಫೈರ್‌ವಾಲ್ ಪರೀಕ್ಷೆಗೆ ಮಾತ್ರ ಅದು ಚೆನ್ನಾಗಿದೆ.

ಮುಂದೆ ದೂರು ಬಂದಾಗಲೂ ಇದೇ ಲಕ್ಷಣಗಳಿಂದ ಹುಡುಕಿ. ಟೈಮ್‌ಔಟ್ ಆದರೆ ಫೈರ್‌ವಾಲ್ ಅಥವಾ ದಾರಿ. ತಕ್ಷಣ "ರೆಫ್ಯೂಸ್ಡ್" ಎಂದರೆ ಆ ವಿಳಾಸದಲ್ಲಿ ಯಾರೂ ಕಿವಿಗೊಟ್ಟಿಲ್ಲ: ಲಿಸನ್_ಅಡ್ರೆಸಸ್ ಅಥವಾ ಸರ್ವೀಸ್ ನೋಡಿ. "ನೋ ಎಂಟ್ರಿ" ಎಂದರೆ ಆ ಸಂದೇಶದಲ್ಲೇ ಬರೆದಿರುವ ವಿಳಾಸ, ಯೂಸರ್, ಡೇಟಾಬೇಸ್ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ. ಕೊನೆಯಲ್ಲಿ "ನೋ ಎನ್‌ಕ್ರಿಪ್ಶನ್" ಎಂದಿದ್ದು ನಿಮ್ಮ ಸಾಲು ಹೋಸ್ಟ್‌ಎಸ್‌ಎಸ್‌ಎಲ್ ಆಗಿದ್ದರೆ, ಕ್ಲೈಂಟ್ ಎಸ್‌ಎಸ್‌ಎಲ್ ಇಲ್ಲದೆ ಬರುತ್ತಿದೆ.

ಕಚೇರಿ ಕಂಪ್ಯೂಟರ್‌ನಿಂದ ಪಿಜಿಅಡ್ಮಿನ್ (ಡೇಟಾಬೇಸ್ ನೋಡುವ ಪ್ರೋಗ್ರಾಂ) ಬಳಸುತ್ತಿದ್ದವರಿಗೆ

ಅವರಿಗಾಗಿ ಐದನೇ ಸಾಲು ಸೇರಿಸುವ ಬದಲು ಎಸ್‌ಎಸ್‌ಎಚ್ ಟನಲ್ ಕೊಟ್ಟೆವು: ದೊಡ್ಡಕ್ಷರದ ಎಲ್ ಫ್ಲಾಗ್‌ಗೆ 5433:127.0.0.1:5432. ನಡುವೆ ಲೋಕಲ್‌ಹೋಸ್ಟ್ ಎಂದು ಬರೆದರೆ ಕೆಲವೊಮ್ಮೆ ಸಂಪರ್ಕ ::1ರಿಂದ ಬಂದು, ಎಚ್‌ಬಿಎಯಲ್ಲಿ ಅದಕ್ಕೆ ಸಾಲಿಲ್ಲದೆ ನಿಲ್ಲುತ್ತದೆ. ಟನಲ್‌ನಲ್ಲಿ ಬಂದವರೆಲ್ಲ ಡೇಟಾಬೇಸ್‌ಗೆ 127.0.0.1 ಆಗಿ ಕಾಣುತ್ತಾರೆ, ಹಾಗಾಗಿ ಆ ಸಾಲಿನಲ್ಲಿ ಎಂದೂ ಟ್ರಸ್ಟ್ (ಪಾಸ್‌ವರ್ಡ್ ಕೇಳದೆ ಒಳಗೆ ಬಿಡುವ ವಿಧಾನ) ಇರಕೂಡದು. ಆ ಬಳಕೆದಾರರ ಎಸ್‌ಎಸ್‌ಎಚ್ ಸೆಟ್ಟಿಂಗ್‌ನಲ್ಲಿ ಪರ್ಮಿಟ್‌ಓಪನ್ 127.0.0.1:5432 ಎಂದು ಬರೆದರೆ ಟನಲ್ ಬೇರೆಲ್ಲಿಗೂ ಹೋಗದು.

ಐಪಿ ವಿಳಾಸ ಗುರುತಿನ ಚೀಟಿಯಲ್ಲ. 21 ಆಫ್ ಆಗಿರುವಾಗ ಅದೇ ನೆಟ್‌ವರ್ಕಿನ ಬೇರೊಂದು ಲ್ಯಾಪ್‌ಟಾಪ್ ಆ ವಿಳಾಸ ಹಾಕಿಕೊಂಡರೆ ಎರಡೂ ತಡೆಗಳನ್ನು ದಾಟುತ್ತದೆ, ಉಳಿಯುವುದು ಪಾಸ್‌ವರ್ಡ್ ಒಂದೇ. ಹಣಕಾಸಿನ ಡೇಟಾ ಇದ್ದರೆ ಹೋಸ್ಟ್‌ಎಸ್‌ಎಸ್‌ಎಲ್ ಸಾಲಿನ ಕೊನೆಗೆ ಕ್ಲೈಂಟ್‌ಸರ್ಟ್=ವೆರಿಫೈ-ಫುಲ್ ಸೇರಿಸಿ; ಆವೃತ್ತಿ 12ರಿಂದ ಇದೆ. ಆಗ ಯಂತ್ರದ ಬಳಿ ನಿಮ್ಮ ಸಿಎ (ಸರ್ಟಿಫಿಕೇಟ್ ಪ್ರಾಧಿಕಾರ) ಸಹಿ ಮಾಡಿದ ಸರ್ಟಿಫಿಕೇಟ್ ಇರಬೇಕು, ಅದರ ಕಾಮನ್ ನೇಮ್ ಡೇಟಾಬೇಸ್ ಯೂಸರ್ ಹೆಸರಿಗೆ ಹೊಂದಬೇಕು. ಡೇಟಾಬೇಸ್ ಒಳಗೂ ಒಂದು ಆಜ್ಞೆ ಬಾಕಿಯಿದೆ: ಹೊಸ ಡೇಟಾಬೇಸ್‌ಗೆ ಕನೆಕ್ಟ್ ಹಕ್ಕು ಹುಟ್ಟಿನಿಂದಲೇ ಪಬ್ಲಿಕ್‌ಗೆ ಇರುತ್ತದೆ. "ರಿವೋಕ್ ಕನೆಕ್ಟ್ ಆನ್ ಡೇಟಾಬೇಸ್ ಬಿಲ್ಲಿಂಗ್ ಫ್ರಮ್ ಪಬ್ಲಿಕ್" ಮಾಡಿ, ಬೇಕಾದ ರೋಲ್‌ಗಳಿಗೆ ಮಾತ್ರ ಗ್ರಾಂಟ್ ಕೊಡಿ.

ಐದನೇ ಯಂತ್ರ ನಿಜಕ್ಕೂ ಸೇರಬೇಕಾದಾಗ ಬದಲಾಗುವ ಜಾಗ ಮೂರು: ಡಿಎಚ್‌ಸಿಪಿ ಕಾಯ್ದಿರಿಸುವಿಕೆ, ಎಚ್‌ಬಿಎ ಸಾಲು, ಯುಎಫ್‌ಡಬ್ಲ್ಯೂ ನಿಯಮ. ಎಚ್‌ಬಿಎ ಸಾಲಿನ ಮೇಲೆ ಹ್ಯಾಶ್ ಗುರುತಿನಿಂದ ಒಂದು ಟಿಪ್ಪಣಿ ಬರೆಯಿರಿ: ಯಾವ ಯಂತ್ರ, ಯಾರು ಕೇಳಿದ್ದು, ಯಾವ ತಾರೀಖು, ಯಾವ ಕೆಲಸಕ್ಕೆ. ಯುಎಫ್‌ಡಬ್ಲ್ಯೂ ನಿಯಮಕ್ಕೂ ಕಾಮೆಂಟ್ ಸೇರಿಸಬಹುದು. ಯಂತ್ರವನ್ನು ನಿವೃತ್ತಿ ಮಾಡುವ ದಿನ ಇದೇ ಮೂರನ್ನೂ ತೆಗೆದು, ಆ ವಿಳಾಸದ ಸೆಷನ್‌ಗಳನ್ನು ಟರ್ಮಿನೇಟ್ ಮಾಡಿ.